ಬಾಲಿದ್ವೀಪದ ಕೆರಿಸ್: ಅಲಗು, ಹಿಡಿ, ಒರೆ

ಇಂಡೊನೇಷ್ಯಕ್ಕೆ ಸೇರಿದ ಬಾಲಿದ್ವೀಪದ ಕೆರಿಸ್ ಎಂಬ ಕಠಾರಿಗಳನ್ನು ಸಂಗ್ರಹಿಸಹೊರಟವನು ಮೊತ್ತಮೊದಲು ತಿಳಿದುಕೊಳ್ಳಬೇಕಾದ ಸಂಗತಿಯೆಂದರೆ, ತನ್ನ ಕೈಯಲ್ಲಿರುವುದು ಒಬ್ಬನೇ ಶಿಲ್ಪಿಯ, ಒಂದೇ ಕಾಲದ ಕೃತಿಯಲ್ಲವೆಂಬುದು. ಅಲಗನ್ನು ಕಾಸಿ ಬಡಿದವನು ಕಮ್ಮಾರ. ಹಿಡಿಯನ್ನು ಕಡೆದವನು ಮರಗೆಲಸದವನು, ಇಲ್ಲವೆ ಚಿನ್ನದ ತಗಡನ್ನು ಉಬ್ಬಿಸಿ ದೇವತೆಯ ರೂಪಕ್ಕೆ ತಂದ ಅಕ್ಕಸಾಲಿ. ಒರೆಯನ್ನು ಕೊರೆದು, ನಯಗೊಳಿಸಿ, ಬಣ್ಣವಿಟ್ಟವನು ಮತ್ತೊಬ್ಬ. ಇವರೆಲ್ಲರೂ ಸಮಕಾಲೀನರಾಗಿರಬೇಕೆಂಬ ನಿಯಮವೂ ಇಲ್ಲ. ಪೂರ್ವಿಕರಿಂದ ಬಂದ ಅಲಗಿಗೆ ಮಗನು ತನ್ನ ಪದವಿಗೂ ಸಂಪತ್ತಿಗೂ ಅನುಗುಣವಾದ ಹೊಸ ಹಿಡಿಯನ್ನು ತೊಡಿಸುವನು. ಜೀರ್ಣವಾದ ಒರೆಯನ್ನು ತೆಗೆದು ಮೊಮ್ಮಗನು ಬೇರೊಂದನ್ನು ಮಾಡಿಸುವನು. ಅಲಗು ಮಾತ್ರ ಹಾಗೆಯೇ ಉಳಿಯುವುದು. ಆದುದರಿಂದ ಅಲಗಿನಲ್ಲಿ ಅದನ್ನು ಸೃಷ್ಟಿಸಿದವನ ಕೌಶಲವನ್ನೂ, ಒರೆ ಹಿಡಿಗಳಲ್ಲಿ ಅದನ್ನು ಧರಿಸಿದವರ ಬಾಳನ್ನೂ ಕಾಣಬೇಕಾಗುತ್ತದೆ. ಹೊಳೆಯುವ ಒರೆಗೆ ಮರುಳಾಗಿ ಅಲಗನ್ನು ಕಡೆಗಣಿಸುವವನೂ, ಅಲಗೊಂದೇ ಸಾರ, ಉಳಿದುದೆಲ್ಲ ಬರಿಯ ಅಲಂಕಾರವೆಂದು ಒರೆಯನ್ನು ಉಪೇಕ್ಷಿಸುವವನೂ ಸಮಾನವಾಗಿಯೇ ನಷ್ಟಹೊಂದುತ್ತಾರೆ.

ಕೆರಿಸ್ ರೂಪುಗೊಂಡದ್ದು ನೆರೆಯ ಜಾವದ್ವೀಪದಲ್ಲಿ. ಮಧ್ಯಜಾವದ ಲಾವು ಪರ್ವತದ ಇಳುಕಲಿನಲ್ಲಿ, ಹದಿನೈದನೆಯ ಶತಮಾನದಲ್ಲಿ ಕಟ್ಟಿದ ಸುಕುಹ್ ಎಂಬ ದೇವಾಲಯವುಂಟು. ಅಲ್ಲಿಯ ಶಿಲಾಫಲಕವೊಂದರಲ್ಲಿ ಕಮ್ಮಾರನ ಕುಲುಮೆಯ ದೃಶ್ಯವನ್ನು ಕಂಡರಿಸಿದ್ದಾರೆ. ಒಂದು ಪಾರ್ಶ್ವದಲ್ಲಿ ಭೀಮನು ಅಲಗನ್ನು ಸಿದ್ಧಪಡಿಸುತ್ತಿರಲು, ಮತ್ತೊಂದು ಪಾರ್ಶ್ವದಲ್ಲಿ ಅರ್ಜುನನು ತಿದಿಯನ್ನೊತ್ತುತ್ತಿರಲು, ಇಬ್ಬರ ನಡುವೆ ಗಜಮುಖನು ನರ್ತಿಸುತ್ತಿರುವನೆಂದು ವಿದ್ವಾಂಸರು ಆ ಶಿಲ್ಪವನ್ನು ಗುರುತಿಸಿದ್ದಾರೆ. ಮಹಾಭಾರತದ ವೀರರನ್ನೇ ಕುಲುಮೆಯ ಮುಂದೆ ಕೂಡಿಸಿದ ಈ ಕಲ್ಪನೆಯಿಂದ, ಕಬ್ಬಿಣದ ಕೆಲಸವನ್ನು ಆ ಜನರು ಎಂತಹ ಪವಿತ್ರ ಕರ್ಮವೆಂದು ಎಣಿಸಿದ್ದರೆಂಬುದು ವ್ಯಕ್ತವಾಗುತ್ತದೆ. ಇದಕ್ಕಿಂತಲೂ ಪ್ರಾಚೀನವಾದ ಸಾಕ್ಷ್ಯವೊಂದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ವಸ್ತುಸಂಗ್ರಹಾಲಯಕ್ಕೆ ಬಂದಿದೆ: ಹತ್ತೊಂಬತ್ತನೆಯ ಶತಮಾನದಲ್ಲಿ ಜಾವದ ರಾಜನಾದ ಪಾಕು ಆಲಂ ಎಂಬಾತನು ಚಾರ್ಲ್ಸ್ ಕ್ನೌಡ್ ಎಂಬ ಡಚ್ಚರವನಿಗೆ ಕೊಟ್ಟ ಕೆರಿಸ್ ಅದು. ಅದರ ಅಲಗನ್ನು ಹೊದಿಸಿರುವ ತೆಳುವಾದ ತಾಮ್ರದ ತಗಡಿನ ಮೇಲೆ ರಾಮಾಯಣದ ಪ್ರಸಂಗಗಳಿವೆ. ನಮ್ಮ ಶಾಸನಗಳಲ್ಲಿ ಕಾಣುವ ಅದೇ ಶಕವರ್ಷದ ಗಣನೆಯಲ್ಲಿ 1264 ಎಂಬ ಕಾಲವನ್ನು ಅಲ್ಲಿ ನಮೂದಿಸಿದೆ. ಅದು ಕ್ರಿಸ್ತಶಕ 1342ಕ್ಕೆ ಸರಿಹೊಂದುತ್ತದೆ.

ಆ ಕಾಲಕ್ಕೆ ಜಾವದಲ್ಲಿ ಮಜಪಹಿತ್ ಸಾಮ್ರಾಜ್ಯವು ಉನ್ನತಿಯಲ್ಲಿತ್ತು. ಅದರ ಪ್ರಭುತ್ವವು ಬಾಲಿಗೂ ವ್ಯಾಪಿಸಿದಾಗ ಆಸ್ಥಾನದ ಆಚಾರ, ಸಾಹಿತ್ಯ, ಪುರೋಹಿತವರ್ಗಗಳೊಡನೆ ಕೆರಿಸಿನ ಸಂಪ್ರದಾಯವೂ ದ್ವೀಪದಲ್ಲಿ ಬೇರೂರಿತು. ಬಾಲಿಯ ರಾಜವಂಶಾವಳಿಯಾದ ಬಬದ್ ದಾಲೆಮ್ ಎಂಬ ಗ್ರಂಥದ ಪ್ರಕಾರ, ಮಜಪಹಿತ್ತಿನ ಮಹಾಮಂತ್ರಿಯಾದ ಗಜಮದನು ಬಾಲಿಯನ್ನಾಳಲು ನಿಯುಕ್ತನಾದ ಅರಸನಿಗೆ ಗಂಜ ದುಂಗ್‌ಕುಲ್ ಎಂಬ ಹೆಸರಿನ ಕೆರಿಸನ್ನು ಅನುಗ್ರಹಿಸಿದನು. ಆಳುವ ಅಧಿಕಾರವು ಕಠಾರಿಯ ರೂಪದಲ್ಲಿ ಕೈಯಿಂದ ಕೈಗೆ ಬರುವುದೆಂಬ ಈ ಭಾವನೆಯು ಬಾಲಿಯ ಅರಮನೆಗಳಲ್ಲಿ ಇಪ್ಪತ್ತನೆಯ ಶತಮಾನದ ಹೊಸ್ತಿಲವರೆಗೂ ಜೀವಂತವಾಗಿತ್ತು. ಕುಲಾಗತವಾದ ಇಂತಹ ಪೂಜ್ಯವಸ್ತುಗಳನ್ನು ಅಲ್ಲಿ ಪುಸಕ ಎನ್ನುವರು; ಅವುಗಳಿಗೆ ಮನುಷ್ಯರಿಗಿಡುವಂತೆಯೇ ಹೆಸರನ್ನಿಡುವರು.

ಅಲಗಿನ ಲಕ್ಷಣಗಳನ್ನು ಮೊದಲು ನೋಡೋಣ. ಕೆರಿಸಿನ ಅಲಗು ಎರಡು ಕಡೆಗಳಲ್ಲಿಯೂ ಹರಿತವಾಗಿದ್ದು, ಬುಡದಲ್ಲಿ ಒಂದು ಪಾರ್ಶ್ವಕ್ಕೆ ಹೆಚ್ಚು ಅಗಲವಾಗಿ ಚಾಚಿಕೊಂಡಿರುತ್ತದೆ. ಈ ಅಸಮತೆಯೇ ಅದನ್ನು ಲೋಕದ ಇತರ ಕಠಾರಿಗಳಿಂದ ಬೇರ್ಪಡಿಸುವ ಮುಖ್ಯ ಗುರುತು. ಬುಡದ ಕೆಳಗೆ ಗಂಜ ಎಂಬ ಅಡ್ಡಪಟ್ಟಿಯು ಸಾಮಾನ್ಯವಾಗಿ ಪ್ರತ್ಯೇಕ ಲೋಹದ ತುಂಡಾಗಿ ಕೂಡಿಕೊಂಡಿರುತ್ತದೆ. ಅಲಗು ನೆಟ್ಟಗೆ ಇರಬಹುದು, ಇಲ್ಲವೆ ಅಲೆಯಲೆಯಾಗಿ ಬಳುಕಿರಬಹುದು. ಬಳುಕಿದ್ದರೆ ಆ ಬಳುಕುಗಳ ಸಂಖ್ಯೆಯು ಮೂರು, ಐದು, ಏಳು, ಒಂಬತ್ತು ಹೀಗೆ ಯಾವಾಗಲೂ ಬೆಸವಾಗಿಯೇ ಇರಬೇಕೆಂಬುದು ಶಾಸ್ತ್ರ. ಕಬ್ಬಿಣವನ್ನೂ ನಿಕಲ್ ಬೆರೆತ ಲೋಹವನ್ನೂ ಒಂದರ ಮೇಲೊಂದು ಇರಿಸಿ, ಕಾಸಿ, ಬಡಿದು, ಮಡಿಸಿ, ಮರಳಿ ಬಡಿದು ಅಲಗನ್ನು ಮಾಡುವುದರಿಂದ ಅದರ ಮೈಯಲ್ಲಿ ರೇಖೆಗಳೂ ಸುಳಿಗಳೂ ಮೂಡುತ್ತವೆ. ಇದಕ್ಕೆ ಪಮೋರ್ ಎಂದು ಹೆಸರು. ಚೆಲ್ಲಿದ ಅಕ್ಕಿಕಾಳುಗಳಂತೆ ಹರಡಿಕೊಂಡ ವಿನ್ಯಾಸಕ್ಕೆ ಒಂದು ಹೆಸರು, ಚಿನ್ನದ ಮಳೆಯೆಂಬ ಚುಕ್ಕಿಗಳ ವಿನ್ಯಾಸಕ್ಕೆ ಇನ್ನೊಂದು; ಪ್ರತಿಯೊಂದಕ್ಕೂ ಅದರದರ ಶುಭಫಲವನ್ನು ಹೇಳುವರು. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಜಾವದ ಪ್ರಂಬನನ್ ಸಮೀಪದಿಂದ ಸುರಕರ್ತದ ಅರಮನೆಗೆ ತಂದ ಉಲ್ಕಾಪಿಂಡವು ಅಲ್ಲಿಯ ಕಮ್ಮಾರರಿಗೆ ಇಂತಹ ನಿಕಲ್ ಲೋಹವನ್ನೊದಗಿಸಿತು. ಆಕಾಶದ ಲೋಹವನ್ನು ಭೂಮಿಯ ಲೋಹದೊಡನೆ ಬೆಸೆಯುವುದೆಂಬ ಭಾವನೆಯು ಅದಕ್ಕೆ ವಿಶೇಷ ಮಹತ್ತ್ವವನ್ನು ತಂದಿತು. ನಿಂಬೆಯ ರಸದಲ್ಲಿ ಪಾಷಾಣವನ್ನು ಕದಡಿ ಅಲಗಿಗೆ ಲೇಪಿಸಿದರೆ ಕಬ್ಬಿಣವು ಕಪ್ಪಾಗುವುದು, ನಿಕಲಿನ ಪದರವು ಬೆಳ್ಳಗೆ ಉಳಿಯುವುದು. ಅಡಗಿದ್ದ ಚಿತ್ರವು ಆಗ ಸ್ಪಷ್ಟವಾಗಿ ಗೋಚರಿಸುವುದು.

ಜಾವದ ಅಲಗಿಗೂ ಬಾಲಿಯ ಅಲಗಿಗೂ ಇರುವ ಅಂತರವನ್ನು ಹೊಸ ಸಂಗ್ರಾಹಕನು ಬೆರಳ ತುದಿಯಿಂದಲೇ ಗುರುತಿಸಬಹುದು. ಜಾವದವರು ಲೇಪನದಿಂದ ಒರಟಾದ, ಪದರಗಳು ಎದ್ದು ತೋರುವ ಮೈಯನ್ನು ಮೆಚ್ಚುವರು. ಬಾಲಿಯವರು ಅಲಗನ್ನು ಉಜ್ಜಿ ಉಜ್ಜಿ ಕನ್ನಡಿಯ ನಯಕ್ಕೆ ತಂದು, ಆ ನಯದೊಳಗಿನಿಂದಲೇ ಪಮೋರ್ ಹೊಳೆಯಬೇಕೆಂದು ಬಯಸುವರು. ಬಾಲಿಯ ಅಲಗು ಸಾಮಾನ್ಯವಾಗಿ ಹೆಚ್ಚು ಉದ್ದ, ಹೆಚ್ಚು ತೂಕ; 40 ಸೆಂಟಿಮೀಟರನ್ನು ಮೀರಿದವು ಅನೇಕ. ಈ ದೃಢಕಾಯಕ್ಕೆ ತಕ್ಕಂತೆ ಹಿಡಿಯೂ ಒರೆಯೂ ಬೃಹತ್ತಾಗಿ ಬೆಳೆದಿವೆ.

ಈ ಅಲಗುಗಳನ್ನು ಬಡಿದವರು ಪಂಡೆ ಎಂಬ ಕಮ್ಮಾರ ಕುಲದವರು. ತಾವು ಬ್ರಹ್ಮನ ಸಂತತಿಯೆಂದೂ, ಅಗ್ನಿಯು ತಮ್ಮ ಅಧೀನದಲ್ಲಿದೆಯೆಂದೂ ಅವರ ನಂಬಿಕೆ. ಬಾಲಿಯ ಸಮಾಜದಲ್ಲಿ ಪೂಜಾಕಾರ್ಯಗಳಿಗೆ ಬೇಕಾದ ತೀರ್ಥವನ್ನು ಬ್ರಾಹ್ಮಣ ಪುರೋಹಿತರಿಂದ ಪಡೆಯುವುದು ವಾಡಿಕೆಯಾಗಿರಲು, ಪಂಡೆಯವರಲ್ಲಿ ಅನೇಕರು ತಮ್ಮ ಕುಲದವರೇ ಆದ ಎಂಪು ಎಂಬ ಪುರೋಹಿತರಿಂದಲೇ ಅದನ್ನು ಪಡೆಯುವರು. ದ್ವೀಪದ ಪರಮಕ್ಷೇತ್ರವಾದ ಬೆಸಾಕಿಹ್‌ನಲ್ಲಿ ಅವರದೇ ಗುಡಿಯುಂಟು. ಕ್ಲುಂಗ್‌ಕುಂಗ್ ರಾಜ್ಯದ ಕಡಲತೀರದ ಕುಸಂಬ ಎಂಬ ಊರು ಕಮ್ಮಾರರ ನೆಲೆಯಾಗಿ ಪ್ರಖ್ಯಾತವಾಗಿತ್ತು. ಅದೇ ರಾಜ್ಯದ ಕಾಮಾಸಾನ್ ಗ್ರಾಮದಲ್ಲಿ ಚಿನ್ನಬೆಳ್ಳಿಯ ಕೆಲಸದವರು ನೆಲಸಿ, ಅರಮನೆಗೆ ಬೇಕಾದ ಪಾತ್ರೆ, ಆಭರಣ, ಕೆರಿಸಿನ ಸಜ್ಜುಗಳನ್ನೆಲ್ಲ ಒದಗಿಸುತ್ತಿದ್ದರು.

ಹಿಡಿಗೆ ಬಾಲಿಯಲ್ಲಿ ದಂಗನನ್ ಎಂದು ಹೆಸರು. ಇದರಲ್ಲಿ ಅತ್ಯಂತ ವೈಭವಯುತವಾದುದು ತೊಗೋಗನ್, ಎಂದರೆ ಮೂರ್ತಿಯ ಆಕಾರದ ಹಿಡಿ. ವಾಯುದೇವನೋ, ಭೀಮನೋ, ಕೋರೆಹಲ್ಲಿನ ರಾಕ್ಷಸನೋ ಪೀಠದ ಮೇಲೆ ಕುಳಿತಿರುವಂತೆ ಮರದಲ್ಲಿ, ದಂತದಲ್ಲಿ, ಇಲ್ಲವೆ ಚಿನ್ನದ ತಗಡಿನಲ್ಲಿ ರೂಪಿಸಿ, ಕಿರೀಟ, ಕುಂಡಲ, ಕಂಠಾಭರಣಗಳ ಸ್ಥಾನದಲ್ಲಿ ಕೆಂಪು ಮೊದಲಾದ ಹರಳುಗಳನ್ನು ಕೂಡಿಸುವರು. ಇಂತಹ ಸುವರ್ಣಮೂರ್ತಿಗಳು ಅರಸರಿಗೂ ಶ್ರೀಮಂತರಿಗೂ ಮಾತ್ರ ಸಲ್ಲುವಂಥವು. ಕೈಗೆ ಬಿಗಿಯಾಗಿ ಹಿಡಿಸಲೆಂದು ದಾರವನ್ನು ಸುತ್ತಿದ ಗ್ರಂತಿಮ್ ಎಂಬ ಹಿಡಿ, ಉಬ್ಬಿದ ಗುಬುಟಿನಂತಹ ಬೆಬೊಂಡೊಲನ್ ಎಂಬ ಸರಳವಾದ ಹಿಡಿ ಇವೆಲ್ಲ ಬೇರೆ ಬೇರೆ ಪದವಿಯವರಿಗೂ ಸಂದರ್ಭಗಳಿಗೂ ಹೊಂದಿಕೊಂಡು ಬಂದಿವೆ. ಹಿಡಿಗೂ ಅಲಗಿಗೂ ನಡುವೆ ವೆವೆರ್ ಎಂಬ ಉಂಗುರವಿರುತ್ತದೆ. ಹರಳು ಕೆತ್ತಿದ ಈ ಸಣ್ಣ ಉಂಗುರದ ಕುಸುರಿಯನ್ನು ಮಾತ್ರವೇ ಗಂಟೆಗಟ್ಟಲೆ ನೋಡಬಹುದು.

ಇನ್ನು ಒರೆ. ಬಾಲಿಯ ಒರೆಯು ಎರಡು ಭಾಗಗಳಾಗಿ ಕಣ್ಣಿಗೆ ತೋರುತ್ತದೆ: ಅಲಗನ್ನು ಒಳಗೊಂಡ ಉದ್ದನೆಯ ಕಾಂಡ, ಅದರ ನೆತ್ತಿಯಲ್ಲಿ, ಗಂಜದ ಅಗಲವನ್ನು ಸೇರಿಸಿಕೊಳ್ಳುವ ಅಡ್ಡಲಾದ ಶಿರೋಭಾಗ. ಈ ಶಿರೋಭಾಗದ ಆಕೃತಿಯನ್ನನುಸರಿಸಿಯೇ ಒರೆಗಳ ಪ್ರಭೇದಗಳನ್ನು ಹೆಸರಿಸುವರು. ಎರಡು ತುದಿಗಳೂ ಬಾಗಿ ಚಿಮ್ಮಿದಂತಿರುವ ಸೆಸ್ರೆಂಗತನ್ ಎಂಬುದು ಅತ್ಯಂತ ವಿಧ್ಯುಕ್ತವಾದುದು; ಮಾವಿನ ಓಟೆಯ ಆಕಾರದ, ಸೌಮ್ಯವಾಗಿ ಗುಂಡಾದ ಬತುನ್ ಪೋಹ್ ಎಂಬುದು ಅದಕ್ಕಿಂತ ಸರಳ; ಇವೆರಡರ ನಡುವೆ ಇನ್ನೂ ಹಲವು ಬಗೆಗಳಿವೆ. ಒರೆಯು ಅನೇಕ ವೇಳೆ ಒಳಗಿನ ಅಲಗಿಗಿಂತ ಗಮನಾರ್ಹವಾಗಿ ಉದ್ದವಾಗಿರುವುದನ್ನು ಕಂಡು ಹೊಸಬರು ಮೋಸವೆಂದು ಶಂಕಿಸುವುದುಂಟು. ಆದರೆ ಅದು ಬಾಲಿಯ ಸಹಜ ಶೈಲಿ. ಬಾಲಿಯ ಪುರುಷನು ಕೆರಿಸನ್ನು ಸೊಂಟದ ವಸ್ತ್ರದೊಳಗೆ ಬೆನ್ನಿನ ಹಿಂದೆ ಸಿಕ್ಕಿಸಿಕೊಳ್ಳುವನು. ಹಿಡಿಯು ಬಲಭುಜದ ಹಿಂದಿನಿಂದ ಮೇಲೆದ್ದು ಕಾಣುವುದು. ಎದುರಿಗೆ ನಿಂತವರಿಗೆ ಹಿಡಿಯ ಮೂರ್ತಿಯೂ, ಹಿಂದಿನಿಂದ ನೋಡುವವರಿಗೆ ಒರೆಯೂ ದರ್ಶನವೀಯಬೇಕಾದುದರಿಂದ, ಇವೆರಡನ್ನೂ ಎಲ್ಲ ಕಡೆಗಳಿಂದಲೂ ಶೋಭಿಸುವಂತೆ ಮಾಡಬೇಕಾಯಿತು.

ಒರೆಯ ದ್ರವ್ಯಗಳಲ್ಲಿ ಬಾಲಿಯವರು ಎಲ್ಲಕ್ಕಿಂತ ಮಿಗಿಲಾಗಿ ಪ್ರೀತಿಸುವುದು ಪೆಲೆಟ್ ಎಂಬ ಮರವನ್ನು. ತಿಮೋಹೋ ಎಂದು ಜಾವದವರು ಕರೆಯುವ ಈ ಮರದ ತಿಳಿಯಾದ ಮೈಯಲ್ಲಿ ಕಡುಕಂದುಬಣ್ಣದ ಮಚ್ಚೆಗಳೂ ಪಟ್ಟೆಗಳೂ ಪ್ರಕೃತಿಯಿಂದಲೇ ಮೂಡಿರುತ್ತವೆ. ಆ ಮಚ್ಚೆಗಳು ಶಿರೋಭಾಗದ ಮುಂಬದಿಯಲ್ಲಿ ಹಿತವಾಗಿ ಹರಡಿಕೊಳ್ಳುವಂತೆ ತುಂಡನ್ನು ಆರಿಸಿ ಕೊಯ್ಯುವುದೇ ಒರೆಗಾರನ ವಿವೇಕ; ಉತ್ತಮವಾದ ಪೆಲೆಟ್ ಮರದ ಒರೆಗೆ ಎಣ್ಣೆಯ ಹೊಳಪಲ್ಲದೆ ಬೇರೆ ಅಲಂಕಾರವನ್ನು ಮಾಡದೆಯೇ ಬಿಡುವರು. ಶ್ರೀಗಂಧದ ಮರವನ್ನೂ ಎಬೊನಿಯನ್ನೂ ಬಳಸುವುದುಂಟು. ಸಾಮಾನ್ಯವಾದ ಮರವಾದರೆ ಅದರ ಮೇಲೆ ಕೆಂಪು, ಹಸುರು, ಕಪ್ಪು ಬಣ್ಣಗಳನ್ನು ಬಳಿದು ಮೆರುಗಿಟ್ಟು, ಚಿನ್ನದ ರೇಕಿನಿಂದ ಹೂಬಳ್ಳಿಗಳನ್ನು ಬರೆಯುವರು. ಸಂಪನ್ನರಾದವರು ಕಾಂಡಕ್ಕೆ ಪೆಂಡೊಕ್ ಎಂಬ ಬೆಳ್ಳಿಯ ಅಥವಾ ಚಿನ್ನದ ಕವಚವನ್ನು ತೊಡಿಸುವರು. ಅದರ ಮೇಲೆ ಉಬ್ಬುಗೆಲಸದಲ್ಲಿ ಎಲೆ, ಬಳ್ಳಿ, ಹೂಗಳ ಸಂದಣಿಯ ನಡುವಿನಿಂದ ಭೋಮನ ಮುಖವು ಕಣ್ಣರಳಿಸಿ ನೋಡುತ್ತಿರುತ್ತದೆ. ಭೂದೇವಿಯ ಪುತ್ರನಾದ ಈ ಭೋಮನೇ ಬಾಲಿಯ ದೇವಾಲಯದ ದ್ವಾರಗಳ ಮೇಲೆಯೂ ದುಷ್ಟಶಕ್ತಿಗಳನ್ನು ತಡೆದು ನಿಲ್ಲಿಸುವ ಮುಖವಾಗಿರುವನು. ನಮ್ಮ ಗುಡಿಗಳ ಕೀರ್ತಿಮುಖವನ್ನು ಕಂಡವರಿಗೆ ಆತನು ಅಪರಿಚಿತನಲ್ಲ. ಕೆಲವು ಒರೆಗಳ ಶಿರೋಭಾಗಕ್ಕೆ ದಂತದ ಫಲಕವನ್ನು ಕೂಡಿಸಿ, ಅದರ ಮೇಲೆ ತೊಗಲುಗೊಂಬೆಯಾಟದ ಪಾತ್ರಗಳ ಶೈಲಿಯಲ್ಲಿ ಪುರಾಣಕಥೆಯ ದೃಶ್ಯಗಳನ್ನು ಕೊರೆದಿರುವುದೂ ಉಂಟು.

ಇಷ್ಟೆಲ್ಲ ಶ್ರಮವು ಯಾವ ಭಾವನೆಯಿಂದ ಪ್ರೇರಿತವಾಯಿತೆಂಬುದನ್ನು ಅರಿಯಬೇಕಾದರೆ ತುಂಪೆಕ್ ಲಂಡೆಪ್ ಎಂಬ ಹಬ್ಬದ ದಿನ ಬಾಲಿಯ ಮನೆಯಂಗಳವನ್ನು ನೋಡಬೇಕು. 210 ದಿನಗಳ ಬಾಲಿಯ ಪಂಚಾಂಗದಲ್ಲಿ ಒಮ್ಮೆ ಬರುವ ಈ ಶನಿವಾರದಂದು ಕೆರಿಸುಗಳನ್ನು ಒರೆಯಿಂದ ತೆಗೆದು, ಶುಚಿಮಾಡಿ, ಹೂವು, ಧೂಪ, ತೀರ್ಥಗಳಿಂದ ಅರ್ಚಿಸುವರು. ಅರ್ಚನೆಯು ಸಲ್ಲುವುದು ಪಶುಪತಿಗೆ. ಈಚಿನ ದಶಕಗಳಲ್ಲಿ ಮೋಟಾರುಗಾಡಿಗಳಿಗೂ ಯಂತ್ರಗಳಿಗೂ ಆ ದಿನ ಪೂಜೆಯಾಗುತ್ತಿರುವುದರಿಂದ, ಕನ್ನಡಿಗನಾದ ಯಾತ್ರಿಕನಿಗೆ ನವರಾತ್ರಿಯ ಆಯುಧಪೂಜೆಯು ನೆನಪಾಗದೆ ಇರದು. ಹಲ್ಲುಗಳನ್ನು ಅರದಿಂದ ಸಮಗೊಳಿಸುವ ಸಂಸ್ಕಾರದಲ್ಲಿ, ವಿವಾಹದಲ್ಲಿ, ದೇವರ ಉತ್ಸವದಲ್ಲಿ ಪುರುಷನು ಕೆರಿಸನ್ನು ಧರಿಸುವನು. ಹಿಂದಿನ ಕಾಲದಲ್ಲಿ ಉನ್ನತಕುಲದ ಪುರುಷನು ಕೆಳಗಿನ ಕುಲದ ಕನ್ಯೆಯನ್ನು ವರಿಸುವಾಗ ತಾನು ಸ್ವತಃ ಬಾರದೆ ತನ್ನ ಕೆರಿಸನ್ನು ಕಳುಹಿಸಿ, ಅದನ್ನೇ ವರನ ಸ್ಥಾನದಲ್ಲಿರಿಸಿ ವಿವಾಹವನ್ನು ನೆರವೇರಿಸುವ ಪದ್ಧತಿಯೂ ಇತ್ತು. ವ್ಯಕ್ತಿಯ ಸ್ಥಾನದಲ್ಲಿ ನಿಲ್ಲಬಲ್ಲ ವಸ್ತುವಿಗೆ ಉಡಿಸುವ ಉಡುಪು ಆ ವ್ಯಕ್ತಿಯ ಅಂತಸ್ತಿಗೆ ತಕ್ಕುದಾಗಿರಬೇಕೆಂಬುದು ಸಹಜವಷ್ಟೆ.

ಹೀಗೆ ಕುಟುಂಬದ ಉಸಿರಿನೊಡನೆ ಬೆರೆತ ವಸ್ತುಗಳು ಪರದೇಶಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿದ ಕಥೆಯು ವಿಷಾದಕರವಾದುದು. ಯೂರೋಪಿನವರಿಗೆ ಕೆರಿಸ್ ಬಹುಹಿಂದೆಯೇ ಪರಿಚಿತವಾಗಿತ್ತು. ಡಚ್ ಚಿತ್ರಕಾರನಾದ ರೆಂಬ್ರಾಂಟನು 1636ರಲ್ಲಿ ಬರೆದ, ಬೈಬಲಿನ ಸ್ಯಾಮ್ಸನ್ನನ ಕಣ್ಣು ಕೀಳುವ ಘೋರದೃಶ್ಯದಲ್ಲಿ ಸೈನಿಕನ ಕೈಯಲ್ಲಿರುವ ಅಲೆಯಲೆಯಾದ ಕಠಾರಿಯು ಕೆರಿಸೇ. 1817ರಲ್ಲಿ ಪ್ರಕಟವಾದ, ಇಂಗ್ಲಿಷರವನಾದ ರ‍್ಯಾಫಲ್ಸನ ಜಾವದ ಇತಿಹಾಸ ಗ್ರಂಥದಲ್ಲಿಯೂ ಅದರ ಚಿತ್ರಗಳಿವೆ. ಆದರೆ ಅರಮನೆಗಳ ಕುಲಾಗತ ಕೆರಿಸುಗಳು ಹೊರಬಿದ್ದದ್ದು ಕೊಳ್ಳುವಿಕೆಯಿಂದಲ್ಲ, ಯುದ್ಧದಿಂದ. 1894ರಲ್ಲಿ ಡಚ್ ಸೈನ್ಯವು ಲೊಂಬೊಕ್ ದ್ವೀಪವನ್ನಾಳುತ್ತಿದ್ದ ಬಾಲಿವಂಶದ ಅರಸನ ಅರಮನೆಯನ್ನು ಹಿಡಿದು ಅಪಾರವಾದ ಚಿನ್ನಬೆಳ್ಳಿಯ ನಿಧಿಯನ್ನು ಸಾಗಿಸಿತು. 1904ರಲ್ಲಿ ಬಾಲಿಯ ಸಾನೂರ್ ತೀರದಲ್ಲಿ ಹಡಗೊಂದು ಒಡೆದು, ಅದರ ಸರಕು ಲೂಟಿಯಾಯಿತೆಂಬ ವಿವಾದವನ್ನೇ ನೆಪಮಾಡಿಕೊಂಡು ಡಚ್ಚರು ಬಡುಂಗ್ ರಾಜ್ಯದ ಮೇಲೆ ನಡೆದುಬಂದರು. 1906ರ ಸೆಪ್ಟೆಂಬರ್ 20ರಂದು ಆ ರಾಜ್ಯದ ಡೆನ್‌ಪಸಾರಿನ ರಾಜನೂ, ಅವನ ಪರಿವಾರದ ಸ್ತ್ರೀಪುರುಷರೂ ಶ್ವೇತವಸ್ತ್ರಗಳನ್ನುಟ್ಟು, ಆಭರಣಗಳನ್ನು ತೊಟ್ಟು, ಕೆರಿಸ್ ಭರ್ಜಿಗಳನ್ನು ಹಿಡಿದು ಅರಮನೆಯಿಂದ ಹೊರಟು, ಶತ್ರುವಿನ ಬಂದೂಕುಗಳ ಮುಂದೆ ನಡೆದು ಪ್ರಾಣತ್ಯಾಗ ಮಾಡಿದರು. ಗುಂಡಿನಿಂದ ಸಾಯದವರು ತಮ್ಮ ಕೆರಿಸಿನಿಂದಲೇ ಸತ್ತರು. 1908ರ ಏಪ್ರಿಲ್ 28ರಂದು ಕ್ಲುಂಗ್‌ಕುಂಗ್ ರಾಜಧಾನಿಯಲ್ಲಿ ಇದೇ ಮಹಾಮರಣವು ಪುನರಾವರ್ತನೆಗೊಂಡಿತು. ಪುಪುತನ್ ಎಂದು ಬಾಲಿಯ ಜನರು ಸ್ಮರಿಸುವ ಆ ದಿನಗಳ ತರುವಾಯ ರಣಭೂಮಿಯಿಂದಲೂ ಅರಮನೆಗಳಿಂದಲೂ ಆಯ್ದ ಕೆರಿಸುಗಳು ಜಾವದ ಬಟಾವಿಯಾ ನಗರಕ್ಕೂ ಹಾಲೆಂಡಿನ ಲೈಡನ್ನಿಗೂ ಹೋದುವು.

ಕಾಲವು ಈ ಅನ್ಯಾಯವನ್ನು ಕೊಂಚಮಟ್ಟಿಗೆ ತಿದ್ದುತ್ತಿರುವುದು ಸಮಾಧಾನದ ವಿಷಯ. 2020ರಲ್ಲಿ ಜಾವದ ವೀರನಾದ ದಿಪೊನೆಗೊರೊ ರಾಜಪುತ್ರನ ಕೆರಿಸನ್ನು ನೆದರ್‌ಲೆಂಡ್ಸ್ ದೇಶವು ಇಂಡೊನೇಷ್ಯಕ್ಕೆ ಹಿಂದಿರುಗಿಸಿತು. 2023ರ ಜುಲೈ ತಿಂಗಳಿನಲ್ಲಿ ಲೊಂಬೊಕ್ ನಿಧಿಯ 335 ವಸ್ತುಗಳೊಡನೆ ಕ್ಲುಂಗ್‌ಕುಂಗಿನ ಕೆರಿಸೊಂದನ್ನೂ ಒಪ್ಪಿಸಿತು. ದಿಪೊನೆಗೊರೊವಿನ ಕೆರಿಸು ಸಂಗ್ರಹಾಲಯದಲ್ಲಿಯೇ ಇದ್ದರೂ, ಅದು ಅವನದೇ ಎಂದು ನಿಶ್ಚಯಿಸಲು ವಿದ್ವಾಂಸರು ಹಳೆಯ ಕಾಗದಪತ್ರಗಳನ್ನು ಶೋಧಿಸಿ ಬಹಳ ಕಷ್ಟಪಡಬೇಕಾಯಿತೆಂಬುದನ್ನು ಪ್ರತಿಯೊಬ್ಬ ಸಂಗ್ರಾಹಕನೂ ಗಮನಿಸಬೇಕು. ವಸ್ತುವು ಉಳಿದು ಅದರ ವೃತ್ತಾಂತವು ಅಳಿದರೆ ಇಂತಹ ಸಂದಿಗ್ಧವು ಅನಿವಾರ್ಯ.

ಸ್ವದೇಶದಲ್ಲಿಯೇ ಕೆರಿಸುಗಳನ್ನು ಕೂಡಿಟ್ಟವರಲ್ಲಿ ಉಬುದ್ ಪಟ್ಟಣದ ಪಂಡೆ ವಾಯನ್ ಸುತೇಜ ನೇಕ ಅವರ ಹೆಸರು ಸ್ಮರಣೀಯವಾದುದು. ಚಿತ್ರಕಲೆಯ ಸಂಗ್ರಹಕ್ಕಾಗಿ ಅವರು ಸ್ಥಾಪಿಸಿದ ವಸ್ತುಸಂಗ್ರಹಾಲಯವು 1982ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಮ್ಮಾರಕುಲದಲ್ಲಿ ಹುಟ್ಟಿದ ಅವರು 2007ರಲ್ಲಿ ಅದಕ್ಕೆ ಕೆರಿಸುಗಳ ವಿಭಾಗವನ್ನು ಸೇರಿಸಿ, ಪೂರ್ವಿಕರ ವೃತ್ತಿಗೆ ಗೌರವವನ್ನು ಸಲ್ಲಿಸಿದರು. ಇಂಡೊನೇಷ್ಯದ ಕೆರಿಸನ್ನು ಯುನೆಸ್ಕೊ ಸಂಸ್ಥೆಯು 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಶ್ರೇಷ್ಠಕೃತಿಗಳಲ್ಲೊಂದೆಂದು ಘೋಷಿಸಿದ ಮೇಲೆ ಹೊಸ ಕಮ್ಮಾರರಿಗೂ ಒರೆಗಾರರಿಗೂ ಉತ್ತೇಜನವು ದೊರೆತಿದೆ.

ಸಂಗ್ರಹಕ್ಕೆ ತೊಡಗುವವನು ಪೇಟೆಯಲ್ಲಿ ಎಚ್ಚರದಿಂದಿರಬೇಕಾದ ವಿಷಯಗಳನ್ನು ಇಲ್ಲಿ ಹೇಳುವುದು ಅವಶ್ಯ. ಹೊಸದಾಗಿ ಬಡಿದ ಅಲಗು ನಿಂದ್ಯವಲ್ಲ. ಮದುರಾ ದ್ವೀಪದ ಸುಮೆನೆಪ್ ಪ್ರಾಂತ್ಯದ ಕಮ್ಮಾರರು ಇಂದಿಗೂ ಬಾಲಿಯ ಶೈಲಿಯ ಅಲಗುಗಳನ್ನು ನಿಪುಣವಾಗಿ ಮಾಡುತ್ತಾರೆ. ನಿಂದ್ಯವಾದುದು ಅದನ್ನು ಆಮ್ಲದಲ್ಲಿ ಕೊರೆಯಿಸಿ ಪುರಾತನವೆಂದು ಮಾರುವುದು. ಇದಕ್ಕಿಂತಲೂ ಸೂಕ್ಷ್ಮವಾದ ವಂಚನೆಯೆಂದರೆ, ಎಲ್ಲಿಯದೋ ಅಲಗಿಗೆ ಎಲ್ಲಿಯದೋ ಸುಂದರವಾದ ಒರೆಯನ್ನೂ, ಚಿನ್ನದ ಮುಲಾಮಿನ ಹಿತ್ತಾಳೆಯ ಮೂರ್ತಿಯನ್ನೂ ಕೂಡಿಸಿ ಒಂದೇ ಕುಲದ ಸೊತ್ತೆಂದು ತೋರಿಸುವುದು. ಇದನ್ನು ಕಂಡುಹಿಡಿಯಲು ಒರೆಯ ಬಾಯಿಯನ್ನು ನೋಡಬೇಕು. ಪ್ರತಿಯೊಂದು ಗಂಜಕ್ಕೂ ಅದರದೇ ಆದ ಬಾಗು, ಅದರದೇ ದಪ್ಪ. ಒರೆಗಾರನು ಆ ಅಲಗಿಗಾಗಿಯೇ ಕೊರೆದಿದ್ದರೆ ಗಂಜವು ಬಾಯಿಯಲ್ಲಿ ಸಂದಿಲ್ಲದೆ ನೆಲೆಗೊಳ್ಳುವುದು. ಬಾಯಿಯನ್ನು ಈಚೆಗೆ ಹಿಗ್ಗಲಿಸಿದ್ದರೆ ಹೊಸದಾಗಿ ಕೊಯ್ದ ಮರದ ಬಣ್ಣವು ಗುಟ್ಟನ್ನು ಹೊರಗೆಡಹುವುದು. ಮನೆಯವರೇ ತಲೆಮಾರಿನಲ್ಲೊಮ್ಮೆ ಒರೆಯನ್ನು ಬದಲಾಯಿಸಿದರೆ ಅದು ಆ ಕೆರಿಸಿನ ಚರಿತ್ರೆಯ ಒಂದು ಅಧ್ಯಾಯ. ವ್ಯಾಪಾರಿಯು ಬೆಲೆಯೇರಿಸಲು ಬದಲಾಯಿಸಿದರೆ ಅದು ಆ ಚರಿತ್ರೆಯ ಧ್ವಂಸ.

ಕಾನೂನಿನ ಮಾತೂ ಉಂಟು. 50 ವರ್ಷಗಳನ್ನು ಮೀರಿದ, ಸಾಂಸ್ಕೃತಿಕ ಮಹತ್ತ್ವವುಳ್ಳ ವಸ್ತುಗಳನ್ನು ಇಂಡೊನೇಷ್ಯದ 2010ರ ಪರಂಪರಾರಕ್ಷಣೆಯ ಶಾಸನವು ರಕ್ಷಿಸುತ್ತದೆ. ಅನುಮತಿಯಿಲ್ಲದೆ ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ದಂತದ ಹಿಡಿಯೋ ಫಲಕವೋ ಇದ್ದರೆ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರದ ನಿಷೇಧವೂ ಅನ್ವಯಿಸುತ್ತದೆ. ಅದನ್ನು ಪರದೇಶದಿಂದ ತರುವ ಆಸೆಯನ್ನು ಬಿಡುವುದೇ ಯುಕ್ತ. ಮನೆಗೆ ಬಂದ ಕೆರಿಸನ್ನು ತೇವದಿಂದ ದೂರವಿರಿಸಿ, ಅಲಗನ್ನು ಬರಿಗೈಯಿಂದ ಮುಟ್ಟದೆ, ಆಗಾಗ್ಗೆ ಗಂಧದೆಣ್ಣೆಯನ್ನು ತೆಳುವಾಗಿ ಸವರಬೇಕು. ಪಾಷಾಣದ ಲೇಪನವನ್ನು ಬಲ್ಲ ಕಮ್ಮಾರನಿಗೇ ಬಿಡಬೇಕು. ಮರಳುಕಾಗದದಿಂದ ಉಜ್ಜಿ ಹೊಳಪೇರಿಸುವ ಉತ್ಸಾಹವು ಶತಮಾನಗಳ ಪಮೋರನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಡುತ್ತದೆ. ಒರೆಯ ಹಳೆಯ ಬಣ್ಣವು ಮಾಸಿದ್ದರೂ ಅದರ ಮೇಲೆ ಹೊಸ ಬಣ್ಣವನ್ನು ಬಳಿಯಕೂಡದು.

ಎಲ್ಲಕ್ಕಿಂತ ಮುಖ್ಯವಾದ ಕರ್ತವ್ಯವು ಬರವಣಿಗೆಯದು. ಯಾರಿಂದ ಕೊಂಡದ್ದು, ಅವರಿಗೆ ಎಲ್ಲಿಂದ ಬಂದದ್ದು, ಯಾವ ಭಾಗವನ್ನು ಯಾವಾಗ ದುರಸ್ತಿಮಾಡಿಸಿದ್ದು ಎಂಬುದನ್ನೆಲ್ಲ ಚಿತ್ರಸಹಿತವಾಗಿ ಬರೆದಿಟ್ಟು, ತೆಗೆದ ಹಳೆಯ ಭಾಗವನ್ನೂ ಬಿಸಾಡದೆ ಜೊತೆಯಲ್ಲಿಯೇ ಇರಿಸಬೇಕು. ಮೂಲದ ಮನೆತನವು ಗೊತ್ತಾಗಿ ಅದರವರು ಕೇಳಿಬಂದರೆ ಕೊಡಲು ಮನಸ್ಸನ್ನು ಸಿದ್ಧಪಡಿಸಿಕೊಂಡಿರಬೇಕು. ಈ ದೃಷ್ಟಿಯಿಂದ ನೋಡಿದರೆ, ಹರಳುಗಳಿಂದ ಜಗಜಗಿಸುವ, ಆದರೆ ಮೂರು ಭಾಗಗಳೂ ಮೂರು ಅಂಗಡಿಗಳಿಂದ ಕೂಡಿಬಂದ ಹತ್ತು ಕೆರಿಸುಗಳಿಗಿಂತ, ಅಲಗು, ಹಿಡಿ, ಒರೆಗಳು ಒಂದೇ ಮನೆಯಲ್ಲಿ ಜೊತೆಯಾಗಿ ಮಾಗಿ, ಆ ಮನೆಯ ವೃತ್ತಾಂತದೊಡನೆ ಬಂದ ಒಂದು ಸಾಧಾರಣ ಪೆಲೆಟ್ ಮರದ ಒರೆಯ ಕೆರಿಸೇ ಹೆಚ್ಚು ಬೆಲೆಯುಳ್ಳದ್ದು. ಹೊಸ ಸಂಗ್ರಾಹಕನು ಅಂತಹ ಒಂದರಿಂದ ಪ್ರಾರಂಭಿಸಿದರೆ, ಮುಂದೆ ಏನನ್ನು ಕೊಳ್ಳಬೇಕು, ಏನನ್ನು ಕೊಳ್ಳದೆ ಬಿಡಬೇಕು ಎಂಬುದನ್ನು ಅದೇ ಅವನಿಗೆ ಕಲಿಸುವುದು.